ಬುರ್ಸಾದಲ್ಲಿ ನಾನು ನೆಲ ನೋಡಿದ್ದು

ತುರ್ಕಿಯ ಬುರ್ಸಾ ಊರಿನ ದೊಡ್ಡ ಮಸೀದಿಗೆ ಇಪ್ಪತ್ತು ಗುಮ್ಮಟ. ಒಳಗೆ ಬಂದವರೆಲ್ಲ ಕತ್ತೆತ್ತಿ ಎಣಿಸುತ್ತಾರೆ, ನಡುವೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತಾರೆ. ನಾನು ಎಣಿಸಲಿಲ್ಲ. ಗೈಡ್ ಹೆಣ್ಣುಮಗಳು ಹೇಳಿದ ಸಂಖ್ಯೆಯನ್ನು ನಂಬಿಕೊಂಡು, ಒಳಗೆ ಹೋದವನೇ ನೆಲ ನೋಡುತ್ತ ನಡೆದೆ.

ನಮಾಜಿಗೆ ಮೊದಲು ಕೈ, ಬಾಯಿ, ಮುಖ, ಕಾಲು ತೊಳೆಯುವುದಕ್ಕೆ ವುಜೂ ಎನ್ನುತ್ತೇವೆ. ಬೇರೆ ಕಡೆ ಅದಕ್ಕೆ ಅಂಗಳದಲ್ಲಿ ನೀರು ಇಟ್ಟಿರುತ್ತಾರೆ. ಇಲ್ಲಿ ಮಸೀದಿಯ ಒಳಗೇ ಕಾರಂಜಿ ಇದೆ. ಮೇಲಿನ ಗುಮ್ಮಟಕ್ಕೆ ಗಾಜು ಹಾಕಿದ್ದಾರೆ, ಬೆಳಕು ನೇರ ನೀರಿನ ಮೇಲೆ ಬೀಳುತ್ತದೆ. ಸುತ್ತ ಅಮೃತಶಿಲೆ, ಅದರಾಚೆ ಕಾರ್ಪೆಟ್ಟು. ಗಂಡಸರು ಸುತ್ತ ಕೂತು ಕಾಲು ತೊಳೆದು ಎದ್ದು ಹೋಗುತ್ತಿದ್ದರು. ನಾನು ಬಗ್ಗಿ ಕಾರ್ಪೆಟ್ಟಿನ ಅಂಚು ಮುಟ್ಟಿದೆ. ಹೆಜ್ಜೆಯ ತೇವ ಬಿಟ್ಟರೆ ಒಣಗಿತ್ತು. ಇನ್ನೊಂದು ಬದಿಗೆ ಹೋಗಿ ಮುಟ್ಟಿದೆ. ಅಲ್ಲೂ ಹಾಗೇ.

"ಅಲ್ರೀ, ಮಂದಿ ಗುಮ್ಮಟ ನೋಡಾಕ ಸಮುದ್ರ ದಾಟಿ ಬರ್ತಾರ. ನೀವು ಮೋರಿ ನೋಡಾಕ ಬಂದೀರೇನು?" ಎಂದಳು ಹೆಂಡತಿ.

"ನೀ ಗುಮ್ಮಟ ನೋಡು. ನನಗ ಕುತ್ತಿಗಿ ನೋಯ್ತೈತಿ" ಎಂದೆ.

ಕುತ್ತಿಗೆ ನೋಯುತ್ತಿರಲಿಲ್ಲ. ಆ ಪ್ರವಾಸದುದ್ದಕ್ಕೂ ನಾನು ಅವಳಿಗೆ ಇಂಥ ಸಣ್ಣ ಸುಳ್ಳುಗಳನ್ನೇ ಹೇಳುತ್ತಿದ್ದೆ. ಹಿಂದೆ ಒಂದು ದೊಡ್ಡದು ಇತ್ತಲ್ಲ.

ನಾನು ಟೈಲ್ಸ್ ಹಾಕುವವನು. ಗದಗಿನ ಕಡೆಯವನು. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಕನ್ನಡವೇ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಫರಸಿ ಕಲ್ಲು ಹಾಸುವವರ ಹಿಂದೆ ಹೋದೆ. ಆಮೇಲೆ ಹುಬ್ಬಳ್ಳಿ, ಆಮೇಲೆ ಬಹಳ ವರ್ಷ ಕೊಲ್ಲಿ ದೇಶ, ಕೊನೆಗೆ ಹೆಂಡತಿಯ ಅಣ್ಣ ಹಾಕಿದ ಅರ್ಜಿಯ ಮೇಲೆ ಅಮೆರಿಕ. ಈಗ ಕ್ಯಾಲಿಫೋರ್ನಿಯಾದ ನೆವಾರ್ಕಿನಲ್ಲಿ ಇದ್ದೇವೆ. ಮನೆ ಮುಂದೆ ನನ್ನದೇ ವ್ಯಾನು ನಿಂತಿರುತ್ತದೆ. ಸಾಂಟಾ ಕ್ಲಾರಾದಿಂದ ಸ್ಯಾನ್ ಹೊಸೆವರೆಗೆ ಎಷ್ಟು ಎಂಜಿನಿಯರುಗಳ ಬಚ್ಚಲಲ್ಲಿ ಮೊಣಕಾಲು ಊರಿದ್ದೇನೋ ನನಗೇ ಗೊತ್ತಿಲ್ಲ. ನೆಲದಲ್ಲಿ ನೀರು ನಿಂತಿದೆ ಎಂದು ಅವರಲ್ಲಿ ಒಬ್ಬರೂ ನನ್ನನ್ನು ಮತ್ತೆ ಕರೆದವರಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ. ಬೇರೆಯವರು ಗೋಡೆಗೆ ಡಿಗ್ರಿ ತೂಗುಹಾಕುತ್ತಾರೆ, ನನಗೆ ಇದಿಷ್ಟೇ.

ನಾವು ಹೋಗುವ ಮಸೀದಿ ಮೊದಲು ಟೈರುಗಳ ಗೋದಾಮು. ಕಟ್ಟಿದವರಿಗೆ ಮೆಕ್ಕಾದ ದಿಕ್ಕಿನ ಗೊಡವೆ ಇರಲಿಲ್ಲ. ಗೋಡೆ ಒಂದು ಕಡೆ ನೋಡಿದರೆ ನಮಾಜಿನ ಸಾಲು ಇನ್ನೊಂದು ಕಡೆ. ಕಾರ್ಪೆಟ್ಟಿನ ಮೇಲೆ ಓರೆಯಾಗಿ ಗೆರೆ ಹಾಕಿಕೊಂಡು ನಿಲ್ಲುತ್ತೇವೆ. ಅಲ್ಲಿಯ ವುಜೂ ಕೋಣೆ ಹಳೆಯದಾಗಿತ್ತು. ನಾನೇ ಹೊಸದು ಮಾಡಿಕೊಡುತ್ತೇನೆ, ಕೂಲಿ ಬೇಡ, ಪುಣ್ಯದ ಕೆಲಸ ಎಂದೆ.

ಕಮಿಟಿಯವರೆಲ್ಲ ಓದಿದವರು. ಒಬ್ಬರು ಯಾವುದೋ ದೊಡ್ಡ ಹೋಟೆಲಿನ ಫೋಟೋ ತೋರಿಸಿದರು. ಕನ್ನಡಿಯಂತೆ ಹೊಳೆಯುವ ಬಿಳಿ ಟೈಲ್ಸು, ಒಂದೊಂದೂ ಎರಡಡಿ ನಾಲ್ಕಡಿ. ಒದ್ದೆಗಾಲಿನ ಜಾಗಕ್ಕೆ ಇದು ಆಗದು ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಇನ್ನೊಬ್ಬರು, "ಅಂಕಲ್, ಇದು ಸ್ವಲ್ಪ ಅಡ್ವಾನ್ಸ್ಡ್ ಅನ್ಸತ್ತೆ, ನಿಮಗೆ ಕಷ್ಟ ಆದ್ರೆ ಬೇರೆ ಯಾರನ್ನಾದ್ರೂ ನೋಡ್ತೀವಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ನನ್ನ ಬಾಯಿಂದ ಬಂದದ್ದು, "ಎಂಥೆಂಥಾವು ಹಾಕೇನಿ, ಇದೇನು ಮಹಾ?"

ನೀರು ಹರಿದುಹೋಗಲು ನೆಲಕ್ಕೆ ಕೊಡುವ ಇಳಿಜಾರಿಗೆ ನಮ್ಮವರು ವಾಟ ಎನ್ನುತ್ತಾರೆ. ಸಣ್ಣ ಟೈಲ್ಸಿನಲ್ಲಿ ವಾಟ ಕೊಡುವುದು ಸುಲಭ, ನಾಲ್ಕೂ ಕಡೆಯಿಂದ ನೀರು ಇಳಿಯುವ ಜಾಲರಿಯತ್ತ ತಗ್ಗಿಸಬಹುದು. ಎರಡಡಿ ನಾಲ್ಕಡಿಯ ಹಲಗೆ ಎಲ್ಲಿ ಬಗ್ಗುತ್ತದೆ? ಕೆಲಸ ಮುಗಿದ ಗುರುವಾರ ಒಬ್ಬನೇ ನಿಂತು ಒಂದು ಬಕೆಟ್ ನೀರು ಸುರಿದೆ. ಎಲ್ಲ ಹರಿದುಹೋಯಿತು, ಮೂರನೆಯ ನಲ್ಲಿಯ ಕೆಳಗೆ ಬಿಟ್ಟು. ಅಲ್ಲಿ ಅಂಗೈಯಷ್ಟು ನೀರು ನಿಂತಿತು. ಐದು ನಿಮಿಷ ಕಾದೆ, ಕದಲಲಿಲ್ಲ. ಆ ಒಂದು ಹಲಗೆ ಎಬ್ಬಿಸಿದರೆ ಪಕ್ಕದ ನಾಲ್ಕು ಏಳಬೇಕು. ಮರುದಿನ ಶುಕ್ರವಾರ, ಉದ್ಘಾಟನೆ. ಬಟ್ಟೆಯಿಂದ ಒರೆಸಿ, ದೀಪ ಆರಿಸಿ ಮನೆಗೆ ಹೋದೆ.

ಎರಡು ತಿಂಗಳ ಮೇಲೆ ಅಲ್ಲೇ, ಆ ಮೂರನೆಯ ನಲ್ಲಿಯ ಮುಂದೆಯೇ, ಚಾಚಾ ಬಿದ್ದರು.

ನಾನು ಚಾಚಾ ಎಂದು ಕರೆಯುವ ಈ ಹಿರಿಯರು ಮೈಸೂರಿನವರು. ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ಆಯುಷ್ಯ ಕಳೆದವರು, ಈಗ ಮಗನ ಮನೆಯಲ್ಲಿದ್ದಾರೆ. ಆ ಮಸೀದಿಯಲ್ಲಿ ದಿನವೂ ನನ್ನೊಂದಿಗೆ ಕನ್ನಡದಲ್ಲಿ ಹರಟುವವರು ಅವರೊಬ್ಬರೇ. ನನ್ನನ್ನು ಊರಿನ ಹೆಸರು ಹಿಡಿದೇ ಕೂಗುತ್ತಿದ್ದರು, "ಏನೋ ಗದಗು, ಇವತ್ತು ಯಾರ ಬಚ್ಚಲು ಉದ್ಧಾರ ಮಾಡಿದೆ?" ಎಪ್ಪತ್ತೆಂಟರ ಅವರು ದಿನವೂ ಮುಕ್ಕಾಲು ಮೈಲಿ ನಡೆದೇ ಬರುತ್ತಿದ್ದರು. ಮಗ ಕಾರಿನಲ್ಲಿ ಬಿಡುತ್ತೇನೆ ಎಂದರೆ ಬೈಯುತ್ತಿದ್ದರು.

ವುಜೂವಿನಲ್ಲಿ ಕಡೆಗೆ ತೊಳೆಯುವುದು ಕಾಲು. ಎಡಗಾಲು ತೊಳೆದು ಚಪ್ಪಲಿಗೆ ತೂರಿಸಿ ಎದ್ದದ್ದೇ ಜಾರಿತು. ಮಣಿಕಟ್ಟು ಮುರಿಯಿತು, ಸೊಂಟಕ್ಕೆ ಪೆಟ್ಟು. ಜನ ಸೇರಿದರು. ಯಾರೂ ಏನೂ ಕೇಳುವ ಮೊದಲೇ ನಾನು ಅವರ ರಬ್ಬರ್ ಚಪ್ಪಲಿಯನ್ನು ಎತ್ತಿ, ತಿರುಗಿಸಿ, ಎಲ್ಲರಿಗೂ ತೋರಿಸಿದೆ. "ನೋಡ್ರಿಲ್ಲೆ, ಅಡಿ ಹೆಂಗ ಸವದೈತಿ." ಸವೆದದ್ದು ನಿಜವೇ. ಮರುದಿನ ರಬ್ಬರಿನ ಚಾಪೆ ತಂದು ಆ ಜಾಗದ ಮೇಲೆ ಹಾಸಿದೆ. ಎಷ್ಟು ಕಾಳಜಿ ಇವರಿಗೆ ಎಂದು ಕಮಿಟಿಯವರು ಹೊಗಳಿದರು.

ಮಣಿಕಟ್ಟು ಆರು ವಾರಕ್ಕೆ ಕೂಡಿತು. ಆದರೆ ಚಾಚಾ ಮಸೀದಿಗೆ ಬರಲಿಲ್ಲ. ನೋಡಲು ಹೋದರೆ ಸೋಫಾದ ಪಕ್ಕ ಹಿಡಿದು ನಡೆಯುವ ವಾಕರ್ ಇತ್ತು. ಬಾಗಿಲಿನಿಂದ ಅಡುಗೆಮನೆಗೆ ಹೋಗುವಾಗಲೂ ಗೋಡೆ ತಡವುತ್ತಿದ್ದರು. "ಕಾಲು ಕೈಕೊಡ್ತು ಕಣೋ ಗದಗು. ಚಪ್ಪಲಿ ಒಂದು ನೆಪ. ನೆಲ ಚೆನ್ನಾಗೇ ಇತ್ತು, ನೀನೇ ಹಾಕಿದ್ದಲ್ವಾ?" ಎಂದರು.

ನಾನು ಚಹಾ ಕುಡಿದು ಬಂದೆ.

ಆ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಅಕ್ಕನ ಮಗನ ಮದುವೆ ಇತ್ತು. ವಾಪಸು ಬರುವ ವಿಮಾನ ಇಸ್ತಾಂಬುಲ್ ಮೇಲೆ. ನಾಲ್ಕು ದಿನ ಇಳಿದು ಹೋಗೋಣ, ಆ ಮಸೀದಿಗಳನ್ನು ನೋಡಬೇಕು ಎಂದು ಹೆಂಡತಿಯ ಆಸೆ. ಇಸ್ತಾಂಬುಲ್ಲಿನಲ್ಲಿ ಎರಡು ದಿನ ಹೋದದ್ದೇ ತಿಳಿಯಲಿಲ್ಲ. ಅವಳು ಒಂದು ಕಂಬದ ಮುಂದೆ ನಿಂತರೆ ನಾನು ಮುಂದಿನ ಬಾಗಿಲಲ್ಲಿರುತ್ತಿದ್ದೆ. ಕೂರಲು ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ಎಲ್ಲಿ ಹೋದರೂ ಕಣ್ಣು ನಲ್ಲಿ, ಕಾಲುವೆ, ಮೆಟ್ಟಿಲಿನ ಅಂಚು ಇವುಗಳ ಮೇಲೇ. ಮೂರನೆಯ ದಿನ ಹಡಗಿನಲ್ಲಿ ಮರ್ಮರಾ ಸಮುದ್ರ ದಾಟಿ ಬುರ್ಸಾಕ್ಕೆ ಬಂದೆವು. ಸುಲ್ತಾನರು ಇಸ್ತಾಂಬುಲ್ ಗೆಲ್ಲುವ ಮೊದಲು ಇದೇ ಅವರ ರಾಜಧಾನಿಯಾಗಿತ್ತಂತೆ. ನಾನು ಬಗ್ಗಿ ಕಾರ್ಪೆಟ್ಟು ಮುಟ್ಟಿದ್ದು ಅಲ್ಲೇ, ಆ ದೊಡ್ಡ ಮಸೀದಿಯಲ್ಲಿ.

ಗೈಡ್ ಹೆಣ್ಣುಮಗಳು ಕಾರಂಜಿಯ ಕತೆ ಹೇಳುತ್ತಿದ್ದಳು. ಆ ಜಾಗ ಒಬ್ಬ ಹೆಂಗಸಿನದಾಗಿತ್ತಂತೆ, ಅವಳು ಕೊಡಲು ಒಪ್ಪಲಿಲ್ಲವಂತೆ. ಅವಳ ಮನಸ್ಸಿಲ್ಲದ ನೆಲದಲ್ಲಿ ನಮಾಜು ಮಾಡಬಾರದೆಂದು ಅಲ್ಲಿ ನೀರು ಇಟ್ಟರಂತೆ. ಹೆಂಡತಿ ಕಣ್ಣರಳಿಸಿ ಕೇಳುತ್ತಿದ್ದಳು. ನಾನು ಜೇಬಿನಿಂದ ಗೇಣುದ್ದದ ಮಟ್ಟಗೋಲು ತೆಗೆದೆ. ಗಾಜಿನ ನಳಿಗೆಯಲ್ಲಿ ಗಾಳಿಗುಳ್ಳೆ ಇರುತ್ತದಲ್ಲ, ಅದು. ನಾನು ಎಲ್ಲಿ ಹೋದರೂ ಅದು ಜೇಬಿನಲ್ಲಿರುತ್ತದೆ. ಅಮೃತಶಿಲೆಯ ಮೇಲೆ ಇಟ್ಟೆ. ಗುಳ್ಳೆ ಒಂದು ಕೂದಲಿನಷ್ಟು ಸರಿಯಿತು; ಕಣ್ಣಿಗೆ ಕಾಣದಷ್ಟು ವಾಟ.

ಹಿಂದಿನಿಂದ ಯಾರೋ ಗದರಿದರು. ಮಸೀದಿ ನೋಡಿಕೊಳ್ಳುವ ಮುದುಕ, ಕೈಯಲ್ಲಿ ಒರೆಸುವ ಕೋಲು. ಕಲ್ಲು ಕೆರೆಯುತ್ತಿದ್ದೇನೆ ಅಂದುಕೊಂಡಿರಬೇಕು. ತುರ್ಕಿಯಲ್ಲಿ ಒಂದೇ ಸಮನೆ ಬೈದ. ಹೆಂಡತಿ ಓಡಿ ಬಂದು ನನ್ನ ಅಂಗೈ ಹಿಡಿದು ಅವನೆದುರು ಚಾಚಿ, "ನೋಡ್ರಿ, ಇವ್ರು ಕೆಲಸದವ್ರು, ಉಸ್ತಾದ್, ಉಸ್ತಾದ್!" ಎಂದಳು.

"ಉಸ್ತಾ?" ಎಂದ ಅವನು. ಅವರ ಭಾಷೆಯಲ್ಲೂ ಕಸುಬುದಾರನಿಗೆ ಹೆಚ್ಚುಕಡಿಮೆ ಅದೇ ಮಾತು. ನನ್ನ ಕೈಯ ಗಂಟುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಸಿಟ್ಟು ಇಳಿಯಿತು. ಲೋಟದಲ್ಲಿ ನೀರು ತುಂಬಿ ತಂದು ನನ್ನ ಕಾಲ ಬಳಿಯ ಕಲ್ಲಿನ ಮೇಲೆ ಸುರಿದ. ಕಲ್ಲು ಹೊಳಪಿನದಲ್ಲ, ಉಳಿಯ ಗುರುತು ಇನ್ನೂ ಕೈಗೆ ಸಿಗುತ್ತಿತ್ತು. ನೀರು ಎರಡಾಗಿ ಒಡೆದು, ನಿಧಾನಕ್ಕೆ, ಯಾವ ಅವಸರವೂ ಇಲ್ಲದೆ ಕಾಲುವೆ ಸೇರಿತು. ಒಂದು ಹನಿ ನಿಲ್ಲಲಿಲ್ಲ. ಮುದುಕ ಎದೆ ಉಬ್ಬಿಸಿ ನನ್ನ ಮುಖ ನೋಡಿದ, ತಾನೇ ಹಾಕಿದವನ ಹಾಗೆ. ಹೊಗಳಲಿ ಎಂದು ಕಾಯುತ್ತಿದ್ದ. ನಾನು ಎದೆಗೆ ಕೈ ಹಚ್ಚಿ ತಲೆಬಾಗಿಸಿದೆ.

"ನಿಮ್ಮ ಮಾರಿ ಯಾಕ ಹಂಗಾತು?" ಎಂದಳು ಹೆಂಡತಿ.

"ಏನಾಗಿಲ್ಲ. ನಡಿ, ಹೊತ್ತಾಗ್ತೈತಿ."

ಮಧ್ಯಾಹ್ನ ಹಸಿರು ಮಸೀದಿಗೆ ಹೋದೆವು. ಗೋಡೆಗೆ ಆರು ಮೂಲೆಯ ಟೈಲ್ಸು, ನವಿಲಿನ ಕುತ್ತಿಗೆಯ ಬಣ್ಣದವು. ನಾನು ಹತ್ತಿರ ಹೋಗಿ ಸಂದುಗಳನ್ನು ನೋಡಿದೆ. ಉಗುರು ತೂರದಷ್ಟು ಬಿಗಿ. ಗೈಡ್ ಮೇಲೆ ಕೈ ತೋರಿಸಿ, "ಅಲ್ಲಿ ಸುಲ್ತಾನ ಕೂರುವ ಜಾಗದಲ್ಲಿ ಟೈಲ್ಸ್ ಮಾಡಿದ ಕೆಲಸಗಾರ ತನ್ನ ಹೆಸರು ಬರೆದುಕೊಂಡಿದ್ದಾನೆ. ಹೆಸರಿನ ಜೊತೆಗೆ ಹುಚ್ಚ ಅಂತಲೂ ಬರೆದಿದ್ದಾನೆ" ಎಂದಳು.

"ಹೌದೇನು! ಇಷ್ಟು ಚಂದ ಮಾಡಾಕ ಹುಚ್ಚ ಹಿಡೀಬೇಕು ಬಿಡು" ಎಂದು ಹೆಂಡತಿ ನಕ್ಕಳು.

ನನಗೆ ನಗು ಬರಲಿಲ್ಲ. ಸುಲ್ತಾನ ಕೂರುವ ಜಾಗದಲ್ಲಿ ಹೆಸರು ಬರೆದವನಿಗೆ ಎಂಥ ಧೈರ್ಯ! ಹೊಗಳಿಕೆಗೆ ಬರೆದಿದ್ದಾನೆ ಎಂದು ಗೈಡ್ ತಿಳಿದುಕೊಂಡಿರಬಹುದು. ನನಗೆ ಹಾಗೆ ಕಾಣಲಿಲ್ಲ. ಒಂದು ಟೈಲ್ಸ್ ಬಿರುಕು ಬಿಟ್ಟರೆ, ಒಂದು ಕಳಚಿ ಬಿದ್ದರೆ, ಯಾರನ್ನು ಕರೆಸಬೇಕೆಂದು ಎಲ್ಲರಿಗೂ ಗೊತ್ತು. ಅವನು ಅದನ್ನು ಒಪ್ಪಿಕೊಂಡೇ ಬರೆದಿದ್ದಾನೆ. ನಾನಾದರೋ ನೆವಾರ್ಕಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಆ ಕೋಣೆ ನನ್ನ ಕೆಲಸ ಎಂದು ತೋರಿಸಿದವನು, ಅಂಗೈಯಷ್ಟು ನೀರನ್ನು ಮಾತ್ರ ಒಬ್ಬ ಮುದುಕರ ಚಪ್ಪಲಿಯ ಹೆಸರಿಗೆ ಬರೆದೆ.

ಹೊರಗೆ ಬಂದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದೆ. ಇನ್ನೂ ಒಂದು ಗೋರಿ, ಎರಡು ಮಸೀದಿ ಉಳಿದಿದ್ದವು. ಬೇಡ ಎಂದೆ. ಗೈಡ್ ಮುಖ ಸಣ್ಣದು ಮಾಡಿಕೊಂಡಳು.

ವಾಪಸು ಹಡಗಿನಲ್ಲಿ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದಳು. ನಾನು ಬಾಗಿಲಿಗೂ ಸೀಟಿಗೂ ನಡುವೆ ಓಡಾಡುತ್ತಿದ್ದೆ.

"ಒಂದ ಕಡೆ ಕುಂದರ್ರಿ. ಹುಬ್ಬಳ್ಳಿಂದ ನೋಡಾಕತ್ತೀನಿ. ಮದುವೆ ಮನಿಯಾಗೂ ಹಿಂಗ, ಇಲ್ಲೂ ಹಿಂಗ. ಏನ್ ಕಚ್ಚೈತಿ ನಿಮಗ?"

ಕೂತೆ. ಹೇಳಿದೆ. ಬಕೆಟ್ಟು, ಮೂರನೆಯ ನಲ್ಲಿ, ಒರೆಸಿದ ಬಟ್ಟೆ, ಎಲ್ಲ. ಮುಗಿದ ಮೇಲೆ ಅವಳು ಕಿಟಕಿಯಿಂದ ನನ್ನ ಕಡೆ ತಿರುಗಿದಳು.

"ಅಂದ್ರ ಮೂರು ತಿಂಗಳಿಂದ ಆ ಹಿರಿಯರ ಚಪ್ಪಲಿ ಮ್ಯಾಲ ಹಾಕಿ ಕುಂತೀರಿ."

"ಹ್ಞೂಂ."

"ನಾ ಹುಚ್ಚಿ ಹೋಗಿ ಅವರಿಗೆ ಹೊಸಾ ಚಪ್ಪಲಿ ಕೊಟ್ಟು ಬಂದೆ! ಇನ್ನ ಮ್ಯಾಲಾದ್ರೂ ನೋಡ್ಕೊಂಡು ಅಡ್ಡಾಡ್ರಿ ಅಂತ ಬುದ್ಧಿ ಬ್ಯಾರೆ ಹೇಳಿ ಬಂದೆ! ಆ ಮನುಷ್ಯಾ ನನಗ ಕೈ ಮುಗಿದ್ರು, ಗೊತ್ತೈತೇನು?"

ಗೊತ್ತಿರಲಿಲ್ಲ.

"ಕಮಿಟಿಗೆ ಫೋನ್ ಮಾಡ್ತೀನಿ. ಎಲ್ಲಾ ಒಡದು ಹೊಸದು ಹಾಕ್ತೀನಿ ಅಂತ ಹೇಳ್ತೀನಿ" ಎಂದೆ.

"ಕಮಿಟಿಗೆ ಹೇಳೂದು ಸಲೀಸು. ಅವರು ಮತ್ತೂ ಹೊಗಳ್ತಾರ ನಿಮ್ಮನ್ನ. ಮೊದಲ ಆ ಮನಿಗೆ ಹೋಗ್ರಿ."

ಕೊನೆಯ ದಿನ ಅವಳೊಬ್ಬಳೇ ಯಾವುದೋ ಮಸೀದಿ ನೋಡಿ ಬಂದಳು. ನಾನು ಹೋಟೆಲಿನಲ್ಲಿ ಕೂತು, ಒಂದು ಹಾಳೆಯ ಮೇಲೆ ವುಜೂ ಕೋಣೆಯ ನಕ್ಷೆ ಬರೆದೆ. ಸಣ್ಣ ಟೈಲ್ಸು, ಒರಟು ಮೈ, ನಾಲ್ಕೂ ಕಡೆಯಿಂದ ವಾಟ. ಬರೆದು ಹರಿದೆ, ಮತ್ತೆ ಬರೆದೆ. ಅದು ಬರೆಯಲು ಗೊತ್ತಿತ್ತು. ಚಾಚಾಗೆ ಏನೆಂದು ಶುರು ಮಾಡಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದ ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಹೆಂಡತಿ ಬರಲಿಲ್ಲ; ಬೇಕೆಂದೇ ಬರಲಿಲ್ಲ. ಬಾಗಿಲು ತೆಗೆದವನು ಮಗ. ಕಿವಿಗೆ ಹೆಡ್‌ಫೋನು. "ಅಂಕಲ್, ಮೀಟಿಂಗಲ್ಲಿದೀನಿ, ಅಬ್ಬಾ ಒಳಗಿದಾರೆ" ಎಂದು ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿಗೆ ಓಡಿದ.

ಚಾಚಾ ಸೋಫಾದಲ್ಲಿದ್ದರು. "ಬಾರೋ ಗದಗು. ಏನು, ಸುಲ್ತಾನರ ಮಸೀದಿ ನೋಡ್ಕೊಂಡು ಬಂದ್ಯಂತೆ. ಹೇಗಿತ್ತು?"

"ಚಾಚಾ, ನೀವು ಬಿದ್ದದ್ದು ಚಪ್ಪಲಿಯಿಂದ ಅಲ್ರೀ. ನಾ ಹಾಕಿದ ನೆಲ ಸರಿ ಇರಲಿಲ್ಲ. ಅಲ್ಲಿ ನೀರು ನಿಲ್ತಿತ್ತು."

"ಏನಂದೆ?"

ಮತ್ತೆ ಹೇಳಿದೆ. ಅವರು ಬಸ್ಸಿನಲ್ಲಿ ಚಿಲ್ಲರೆ ಕೇಳಿದ ಹಾಗೆ ಚೂರುಚೂರಾಗಿ ಕೇಳಿದರು.

"ಎಷ್ಟು ನೀರು?"

"ಅಂಗೈಯಷ್ಟು."

"ನಿನಗೆ ಯಾವಾಗ ಗೊತ್ತಾಯ್ತು?"

"ಹಾಕಿದ ದಿನಾನ."

"ನಾನು ಬೀಳೋ ಮುಂಚೆ."

"ಹೌದ್ರಿ."

ಅವರು ತಮ್ಮ ಪಾದಗಳನ್ನು ನೋಡಿಕೊಂಡರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು, "ಕಿವಿ ಪರೀಕ್ಷೆ ಮಾಡಿದ್ರು. ತಲೆ ಸ್ಕ್ಯಾನ್ ಮಾಡಿದ್ರು. ಏನೂ ಇಲ್ಲ ಅಂದ್ರೂ ನಾನು ನಂಬಲಿಲ್ಲ. ಬಚ್ಚಲಿಗೆ ಹೋಗೋಕೆ ಮಗನ್ನ ಕೂಗ್ತಿದ್ದೆ ಕಣೋ. ಸ್ನಾನದ ಹೊತ್ತಿಗೆ ಅವನು ಬಾಗಿಲ ಹೊರಗೆ ನಿಂತಿರ್ತಿದ್ದ."

ಕ್ಷಮಿಸಿ ಎಂದೆ. ಆ ಮಾತು ಅವರ ಕಿವಿಗೆ ಬೀಳಲಿಲ್ಲ.

"ಅಂದ್ರೆ ನನ್ನ ಕಾಲು ಸರಿಯಾಗೇ ಇತ್ತು ಅನ್ನು!" ಎಂದು ಒಮ್ಮೆಲೇ ದನಿ ಏರಿಸಿದರು. "ಲೋ! ಮೀಟಿಂಗು ಆಮೇಲೆ ಮಾಡೋ, ಇಲ್ಲಿ ಬಾ! ನನ್ನ ಕಾಲಿಗೆ ಏನೂ ಆಗಿಲ್ವಂತೆ ಕೇಳು!"

ಮಗ ಬಂದ. ವಿಷಯ ತಿಳಿದು ನನ್ನ ಮುಖವನ್ನೇ ನೋಡಿದ. "ಸೀರಿಯಸ್ಲಿ, ಅಂಕಲ್? ಇಷ್ಟು ದಿನ ಗೊತ್ತಿದ್ದೂ ಸುಮ್ನೆ ಇದ್ರಾ? ಬ್ಯಾಲೆನ್ಸ್ ಪ್ರಾಬ್ಲಮ್ ಅಂತ ನಾವು ಅಬ್ಬಾನ್ನ ಹೊರಗೇ ಬಿಟ್ಟಿಲ್ಲ."

"ಗೊತ್ತಿತ್ತಪ್ಪ" ಎಂದೆ.

ಅಷ್ಟರಲ್ಲಿ ಚಾಚಾ ಎದ್ದಿದ್ದರು. ವಾಕರನ್ನು ಪಕ್ಕಕ್ಕೆ ತಳ್ಳಿ ಬಾಗಿಲ ಕಡೆ ಹೊರಟರು. ಮೂರು ತಿಂಗಳು ಕೂತ ಕಾಲು, ನಡುಗುತ್ತಿತ್ತು. ನಾನು ಕೈ ಚಾಚಿದೆ.

"ಮುಟ್ಟಬೇಡ."

ಕೈ ಹಿಂದಕ್ಕೆ ತೆಗೆದುಕೊಂಡೆ. ಮೆಟ್ಟಿಲಿಳಿದು, ಡ್ರೈವ್‌ವೇ ದಾಟಿ, ಟಪಾಲು ಡಬ್ಬಿಯವರೆಗೆ ನಡೆದು ಅದರ ಪಕ್ಕ ನಿಂತರು, ಅದನ್ನು ಹಿಡಿಯದೆ. ಏದುಸಿರು. ಮಗ ಬಾಗಿಲಲ್ಲೇ ನಿಂತಿದ್ದ.

"ನಾಳೆ ಬಾ" ಎಂದರು ಚಾಚಾ, ನನ್ನ ಕಡೆ ನೋಡದೆ. "ನಾಳಿದ್ದೂ ಬಾ. ನಾನು ಮಸೀದಿವರೆಗೂ ನಡೆದು ಹೋಗೋ ತನಕ ದಿನಾ ಬಾ. ಮಾತಾಡಿಸಬೇಡ. ಪಕ್ಕದಲ್ಲಿ ನಡಿ, ಅಷ್ಟೇ."

ಕಮಿಟಿಗೂ ಎಲ್ಲ ಹೇಳಿದೆ. ಈಗ ಬೆಳಿಗ್ಗೆ ವುಜೂ ಕೋಣೆಯಲ್ಲಿ ಟೈಲ್ಸ್ ಒಡೆಯುತ್ತೇನೆ. ಒಳ್ಳೆಯದನ್ನು ಯಾಕೆ ಒಡೆಯುತ್ತೀರಿ ಎಂದು ಕೇಳಿದವರಿಗೆಲ್ಲ ಕಾರಣ ಹೇಳುತ್ತೇನೆ. ನಾಲ್ಕು ಗಂಟೆಗೆ ಕೈತೊಳೆದು ಚಾಚಾನ ಮನೆಗೆ ಹೋಗುತ್ತೇನೆ. ಅವರು ನನ್ನೊಂದಿಗೆ ಇನ್ನೂ ಮಾತಾಡುತ್ತಿಲ್ಲ, ಗದಗು ಎಂದೂ ಕರೆಯುವುದಿಲ್ಲ. ಮೊನ್ನೆ ಮೊದಲ ಸಿಗ್ನಲ್ ದಾಟಿದೆವು. ಎರಡನೆಯದರ ಹತ್ತಿರ ಅವರ ಕಾಲು ಒಮ್ಮೆ ತಡವರಿಸಿತು, ನನ್ನ ಕೈ ತಾನಾಗಿಯೇ ಮೇಲೆದ್ದಿತು. ಅವರು ನಿಂತು, ನನ್ನ ಕೈ ಇಳಿಯುವವರೆಗೆ ಕಾದು, ಮತ್ತೆ ಹೆಜ್ಜೆ ಹಾಕಿದರು. ಮಸೀದಿಗೆ ಇನ್ನೂ ಮೂರು ಸಿಗ್ನಲ್ ಇವೆ.